ನಾಳೆ ಎಂದವಳ ಚೀಲ

ಗಂಗಾವತಿ ಬಸ್ ಸ್ಟ್ಯಾಂಡಿನೆದುರು, ಗೊಬ್ಬರದಂಗಡಿಯ ಮಗ್ಗುಲಿಗೆ
ಇಪ್ಪತ್ತೆರಡು ವರ್ಷದಿಂದ ಜಿಪ್ಪು ಕೂರಿಸುತ್ತಿದ್ದೇನೆ.
ಬೆನ್ನಿಗೇರುವ ಚೀಲಗಳು ನನಗೆ
ಮನುಷ್ಯರಿಗಿಂತ ಚೆನ್ನಾಗಿ ಗೊತ್ತು:
ಒಂದೇ ಪಟ್ಟಿ ಸವೆದಿದ್ದರೆ ಅವಸರದವರದು,
ತಳ ಹರಿದಿದ್ದರೆ ಬಸ್ಸಿನ ಟಾಪಿನ ಮೇಲೆ ಬಂದದ್ದು,
ಒಳಜೇಬಿನಲ್ಲಿ ಮರಳು ಸಿಕ್ಕರೆ
ಕೊಡವುವುದಿಲ್ಲ. ಅದು ಅವರ ಮರಳು.

ಈ ಹಸಿರು ಚೀಲ ಬಿಟ್ಟುಹೋದವಳು
‘ನಾಳೆ’ ಎಂದಿದ್ದಳು. ಅಷ್ಟೇ ಕನ್ನಡ ಕಲಿತಿದ್ದಳು.
ಆ ನಾಳೆಗೆ ಈಗ ಆರು ವರ್ಷ.
ಇಲಿಗೆ ಸಿಗದಂತೆ ಮೊಳೆಗೆ ತೂಗುಹಾಕಿದ್ದೆ,
ಯುಗಾದಿಗೊಮ್ಮೆ ಬಿಸಿಲಿಗಿಟ್ಟು ಜಿಪ್ಪಿಗೆ ಮೇಣ ಸವರುತ್ತಿದ್ದೆ.
ಸುಗ್ಗಿ ಮುಗಿದ ಒಂದು ಶುಕ್ರವಾರ, ಗಿರಾಕಿಯಿಲ್ಲದ ಹೊತ್ತು,
ಒಳಜೇಬಿಗೆ ಕೈ ಹಾಕಿಬಿಟ್ಟೆ.

ನಕಾಶೆ.
ಮಡಿಕೆ ಮಡಿಕೆಯಲ್ಲಿ ಹಳೆ ಪಂಚೆಯಂತೆ ಮೆತ್ತಗೆ.
ಸುತ್ತ ನೀಲಿ, ನಡುವೆ ಗೇರುಬೀಜದಂಥ ದ್ವೀಪ.
ಹೆಸರು ಓದಲು ಬರಲಿಲ್ಲ, ಚಿತ್ರ ಓದಿದೆ:
ದಂಡೆಯಲ್ಲಿ ಆಮೆ, ಕೆರೆಯ ಪಕ್ಕ ಆನೆ,
ಕೊಂಬುಮೂಗಿನ ಹಕ್ಕಿ, ಮದ್ದಳೆ ಬಡಿಯುವ ಮನುಷ್ಯ.
ಅಲ್ಲಲ್ಲಿ ಸೀಸದ ಕಡ್ಡಿಯ ದುಂಡು ಗುರುತು.
ಹೋಗಿ ಬಂದಿದ್ದಳೋ,
ಹೋಗುವವಳಿದ್ದಳೋ.

ಮೂರು ಸಜ್ಜೆರೊಟ್ಟಿ, ಗುರೆಳ್ಳು ಪುಡಿ, ಟವೆಲು,
ಬಿಟ್ಟಿರಲಾಗದ ಸೂಜಿ, ಮೇಣದ ದಾರ.
‘ಯಾವೂರಿಗ್ರೀ?’ ಎಂದಳು ಹುಲಿಗೆಮ್ಮ.
‘ದ್ವೀಪಕ್ಕ.’
‘ಬರ್ತಾ ಕೊತ್ತಂಬ್ರಿ ತರ್ರಿ.’

ಆನೆಗೊಂದಿ ದಾಟಿ ಹೊಳೆಗಿಳಿದರೆ ಗಾದೆಪ್ಪನ ಹರಗೋಲು,
ಬಿದಿರಿನ ಮೇಲೆ ಯೂರಿಯಾ ಚೀಲ ಹೊಲಿದು ಡಾಂಬರು ಬಳಿದದ್ದು.
ಹೊಲಿಗೆ ನೋಡಿದೆ. ಒರಟು, ಆದರೆ ನಂಬಬಹುದು.
‘ಆ ಗಡ್ಡಿ ಒಳಗೇನೈತ್ರಿ, ಜಾಲಿ ಬಿಟ್ಟರ ಹಾವು’ ಎಂದ.
ನಕಾಶೆ ಬಿಡಿಸಿದೆ. ತಲೆಕೆಳಗಾಗಿ ಹಿಡಿದು ನೋಡಿ
‘ಇದ ಐತಿ ಬಿಡ್ರಿ’ ಎಂದು ಹುಟ್ಟು ಹಾಕಿದ.

ಆನೆ ಇರಬೇಕಾದಲ್ಲಿ ಎಮ್ಮೆ ಇತ್ತು,
ಆಚೆ ದಡದಿಂದ ಈಜಿ ಬಂದು
ಕಣ್ಣು ಮೂಗಷ್ಟೇ ಹೊರಗಿಟ್ಟು ನಮ್ಮನ್ನು ಅನುಮಾನಿಸುತ್ತ.
ಕೊಂಬುಮೂಗಿನ ಹಕ್ಕಿಯನ್ನು ಕೇಳಿದ್ದಕ್ಕೆ
ಗಾದೆಪ್ಪ ತನ್ನ ಮಾವನ ನೆನಪು ತೆಗೆದ.
ಆಮೆಯ ಜಾಗದಲ್ಲಿ, ಬೆಚ್ಚನೆ ಬಂಡೆಯ ಮೇಲೆ
ನೀರುನಾಯಿಗಳ ಹಿಕ್ಕೆ;
ಮೀನಿನ ಹುರುಪೆ ಅದರಲ್ಲಿ ಚಮಕಿಯಂತೆ ಹೊಳೆಯುತ್ತಿತ್ತು.
‘ಸರಕಾರ ಹೊಳೀನ ಇವುಕ್ಕ ಬರಕೊಟ್ಟೈತಿ’ ಎಂದ.
‘ಬಲಿ ಹರಿಯೋವು ಇವು,
ಬೈಸಿಗೊಳ್ಳಾವ್ರು ನಾವು.’
ಸಿಟ್ಟಿನಲ್ಲಿ ಹೇಳಿದನೇ?
ಮರಿಗಳೆಷ್ಟು ಎಂಬ ಲೆಕ್ಕ ಮಾತ್ರ ಅವನ ಬಾಯಲ್ಲೇ ಇತ್ತು.

ಕತ್ತಲಾಗುವತನಕ ಅವನ ಬಲೆ ಹೊಲಿದೆ.
ತೂತನ್ನು ತೂತಿಗೆ ಕಟ್ಟುವ ಕೆಲಸ;
ಜಿಪ್ಪಿನವನಿಗೆ ಅದು ಹೊಸ ಪಾಠ.
ಆಚೆ ಊರಲ್ಲಿ ದೊಡ್ಡಾಟದ ತಾಲೀಮು.
ಮದ್ದಳೆಯವನು ಸಿಕ್ಕನಲ್ಲ ಎಂದುಕೊಂಡೆ.
ನೀರ ಮೇಲೆ ತೇಲಿಬಂದ ರಕ್ಕಸನೊಬ್ಬ
ಅದೇ ಸಾಲಿನಲ್ಲಿ ಮತ್ತೆ ಮತ್ತೆ ಎಡವುತ್ತಿದ್ದ,
ಯಾರೋ ನಗುತ್ತಿದ್ದರು, ಅವನು ಮತ್ತೆ ಗದೆ ಎತ್ತುತ್ತಿದ್ದ.
ಚೀಲವೇ ತಲೆದಿಂಬು.
ಆರು ವರ್ಷ ನನ್ನ ತಲೆಯ ಮೇಲೆ ತೂಗಿದ್ದು.

ಬೆಳ್ಳಿ ಮೂಡುವ ಹೊತ್ತಿಗೆ ಬಂದವು.
ಐದು, ಮರಿ ಸೇರಿದರೆ ಏಳು.
ಸೀಟಿ ಊದುತ್ತ, ಒಂದರ ಬೆನ್ನ ಮೇಲೊಂದು ಉರುಳುತ್ತ,
ರಾತ್ರಿ ನಾನು ಹೊಲಿದ ಬಲೆಯ ಪಕ್ಕದಲ್ಲೇ ಹಾದು
ಒಂದು ಮಾತ್ರ ನಿಂತು,
ಮೀಸೆ ಎತ್ತಿ, ನನ್ನ ಹೊಲಿಗೆ ನೋಡಿತು.
ಗಾದೆಪ್ಪ ಗೊರಕೆ ಹೊಡೆಯುತ್ತಿದ್ದ.
ನಾನು ಎಬ್ಬಿಸಲಿಲ್ಲ.

ಸೀಸದ ಕಡ್ಡಿ ಇರಲಿಲ್ಲ. ನಕಾಶೆಯಲ್ಲಿ ಆಮೆಯ ಪಕ್ಕ
ಸೂಜಿಯಿಂದ ಚುಚ್ಚಿದೆ.
ಬಿಸಿಲಿಗೆ ಹಿಡಿದರೆ ಅಲ್ಲೊಂದು ಚುಕ್ಕಿ ಬೆಳಕು.
ಮಡಚಿ, ಇದ್ದಲ್ಲೇ ಇಟ್ಟು, ಜಿಪ್ಪೆಳೆದೆ.
ಎಲ್ಲೂ ಸಿಕ್ಕಿಕೊಳ್ಳದೆ ಬಂತು.

ಚೀಲ ಮತ್ತೆ ಮೊಳೆಗೆ.
ಅವಳು ಬಂದರೆ ಒಳಜೇಬಿನಲ್ಲಿ ಮರಳಿದೆ.
ಏನೆಂದು ಕೇಳಿದರೆ ಹೇಳಲು
ಅವಳ ಭಾಷೆಯ ಒಂದು ಪದವೂ ನನ್ನಲ್ಲಿಲ್ಲ.

‘ಕೊತ್ತಂಬ್ರಿ?’ ಎಂದಳು ಹುಲಿಗೆಮ್ಮ.
ನಾಳೆ, ಎಂದೆ.